ಮೂರು ಪದದ ಭಾಷೆಗೆ ಎಷ್ಟು ಜನ ವಾರಸುದಾರರು?

ಹೂಣರು ತುರ್ಕರು, ಅಟಿಲ ಒಬ್ಬ ತುರ್ಕ ರಾಜ, ಅವರ ಭಾಷೆ ತುರ್ಕಿಕ್, ಮುಗೀತು. ರೀಲ್‌ಗಳಲ್ಲಿ ಈ ವಿಷಯ ಇಷ್ಟೇ ಸಲೀಸಾಗಿ ಬರುತ್ತೆ. ನಮ್ಮ ಕ್ಲಬ್‌ನಲ್ಲೂ ಭಾಷೆಗಳ ಮಾತು ಬಂದಾಗ ಯಾರಾದರೂ ಒಬ್ಬರು ಇದನ್ನ ಹೇಳ್ತಾರೆ, ಉಳಿದವರು ತಲೆ ಆಡಿಸ್ತಾರೆ. ನಮ್ಮ ತಕರಾರು ಇರೋದು ಆ ತಲೆ ಆಡಿಸೋದರ ಬಗ್ಗೆ. ಹೇಳಿದ್ದು ಪೂರ್ತಿ ಸುಳ್ಳು ಅಂತಲ್ಲ. ಆದರೆ ಅದರ ಹಿಂದೆ ಎಷ್ಟು ಡೇಟಾ ಇದೆ ಅಂತ ಯಾರೂ ಕೇಳೋದಿಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಮೂರು ರೀಡಿಂಗ್ ಇಟ್ಕೊಂಡು ಗ್ರಾಫ್ ಎಳೆದರೆ ಮೇಡಂ ಸಹಿ ಹಾಕ್ತಾರಾ? ಇಲ್ಲಿ ಎಳೆದಿರೋ ಗ್ರಾಫ್ ಹೆಚ್ಚುಕಮ್ಮಿ ಅಂಥದ್ದೇ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಹೂಣರು ಅಂದ್ರೆ ಹಿಸ್ಟರಿ ಪುಸ್ತಕದ ಎರಡು ಸಾಲು. ಸ್ಕಂದಗುಪ್ತ ಅವರನ್ನ ತಡೆದ, ಆಮೇಲೆ ತೋರಮಾಣ, ಮಿಹಿರಕುಲ ಬಂದರು, ಯಶೋಧರ್ಮ ಸೋಲಿಸಿದ. ಈ ಲೇಖನ ಅವರ ಬಗ್ಗೆ ಅಲ್ಲ. ಸುಮಾರು 370ರ ಹೊತ್ತಿಗೆ ಕಪ್ಪು ಸಮುದ್ರದ ಉತ್ತರಕ್ಕೆ ಕಾಣಿಸಿಕೊಂಡು, ಎಂಬತ್ತು ವರ್ಷದಲ್ಲಿ ಅರ್ಧ ಯುರೋಪನ್ನು ನಡುಗಿಸಿ, ಅಟಿಲ 453ರಲ್ಲಿ ಸತ್ತ ಮೇಲೆ ಚದುರಿ ಹೋದರಲ್ಲ, ಆ ಹೂಣರ ಬಗ್ಗೆ. ಭಾರತಕ್ಕೆ ಬಂದವರಿಗೂ ಅವರಿಗೂ ಏನು ಸಂಬಂಧ ಅನ್ನೋದು ಇನ್ನೊಂದು ದೊಡ್ಡ ಜಗಳ, ಅದನ್ನ ಬೇರೆ ಸಂಚಿಕೆಗೆ ಇಟ್ಟುಕೊಳ್ಳೋಣ.

ಮೊದಲು ಒಂದು ಮಾತು ಸರಿ ಮಾಡಿಕೊಳ್ಳಬೇಕು. ತುರ್ಕಿಕ್ ಅಂದ್ರೆ ಟರ್ಕಿಶ್ ಅಲ್ಲ. ದ್ರಾವಿಡ ಅಂದ್ರೆ ತಮಿಳು ಅಂತ ಯಾರಾದರೂ ಹೇಳಿದಾಗ ನಮಗೆ ಹೇಗೆ ಉರಿಯುತ್ತೋ ಹಾಗೆ. ತುರ್ಕಿಕ್ ಒಂದು ಭಾಷಾ ಕುಟುಂಬ: ಟರ್ಕಿಶ್, ಉಜ್ಬೆಕ್, ಕಜಕ್, ಉಯ್ಗುರ್, ದೂರದ ಸೈಬೀರಿಯದ ಯಾಕುತ್, ವೋಲ್ಗಾ ನದಿ ಕಡೆಯ ಚುವಾಶ್. ಹೂಣರ ಭಾಷೆ ಈ ಕುಟುಂಬಕ್ಕೆ ಸೇರಿದ್ದು ಅಂತ ಸಾಬೀತಾದರೂ ಅಟಿಲ ಇಸ್ತಾಂಬುಲ್‌ನ ಬಸ್ಸಿನಲ್ಲಿ ಟಿಕೆಟ್ ಕೇಳೋಕೆ ಆಗ್ತಿರಲಿಲ್ಲ.

ಈಗ ಡೇಟಾಗೆ ಬರೋಣ. ಹೂಣರು ಬರೆದ ಒಂದೇ ಒಂದು ವಾಕ್ಯ ಕೂಡ ಉಳಿದಿಲ್ಲ. ಶಾಸನ ಇಲ್ಲ, ಪತ್ರ ಇಲ್ಲ. 449ರ ಸುಮಾರಿಗೆ ಪೂರ್ವ ರೋಮ್ ಸಾಮ್ರಾಜ್ಯದಿಂದ ಅಟಿಲನ ಬಿಡಾರಕ್ಕೆ ಹೋದ ರಾಯಭಾರಿ ತಂಡದಲ್ಲಿ ಪ್ರಿಸ್ಕಸ್ ಅನ್ನೋ ಗ್ರೀಕ್ ಬರಹಗಾರ ಇದ್ದ. ಅವನು ಬರೆದದ್ದರಲ್ಲೂ ತುಂಡುಗಳಷ್ಟೇ ಸಿಕ್ಕಿವೆ. ಅದರಲ್ಲಿ ಎರಡು ಪದ ಬರುತ್ತವೆ: ‘ಮೆದೋಸ್’, ‘ಕಾಮೋನ್’. ಎರಡೂ ಕುಡಿಯೋ ಐಟಂ. ಮೂರನೆಯದು ‘ಸ್ತ್ರಾವ’, ಅಟಿಲನ ಸಮಾಧಿಯ ಮೇಲೆ ಮಾಡಿದ ತಿಥಿ ಊಟಕ್ಕೆ ಇದ್ದ ಹೆಸರು. ಇದನ್ನ ಹೇಳಿದವನು ಜೋರ್ಡಾನೆಸ್, ಅದೂ ಸುಮಾರು ನೂರು ವರ್ಷ ಆದಮೇಲೆ, 551ರಲ್ಲಿ. ನ್ಯೀಪರ್ ನದಿಯನ್ನ ಹೂಣರು ತಮ್ಮ ಭಾಷೆಯಲ್ಲಿ ‘ವರ್’ ಅಂತಾರೆ ಅಂತಲೂ ಅವನೇ ಹೇಳ್ತಾನೆ, ಅದು ನದಿಯ ಹೆಸರು. ಸಾಮಾನ್ಯ ಪದಗಳು ಅಂದ್ರೆ ಮೂರೇ. ಒಂದು ಸಾಮ್ರಾಜ್ಯದ ಭಾಷೆಯಲ್ಲಿ ನಮಗೆ ಉಳಿದಿರೋದು ಎರಡು ಡ್ರಿಂಕ್ಸ್, ಒಂದು ತಿಥಿ ಊಟ!

ಈ ಮೂರನ್ನ ಒಂದೊಂದಾಗಿ ಡಿಬಗ್ ಮಾಡಿ ನೋಡಿ. ಮೆದೋಸ್: ವೈನ್ ಬದಲು ಹಳ್ಳಿಗಳಲ್ಲಿ ಇದನ್ನ ಕೊಟ್ಟರು, ಸ್ಥಳೀಯರು ಹೀಗೆ ಕರೀತಾರೆ ಅಂತ ಪ್ರಿಸ್ಕಸ್ ಬರೆದಿದ್ದಾನೆ. ಜೇನಿನಿಂದ ಮಾಡಿದ ಮದ್ಯ. ಇಂಗ್ಲಿಷಿನ ‘ಮೀಡ್’ ಅದೇ, ಸಂಸ್ಕೃತದ ‘ಮಧು’ ಕೂಡ ಅದೇ ಮೂಲದ್ದು, ಅಂದ್ರೆ ನಾವು ಕನ್ನಡದಲ್ಲಿ ಬಳಸೋ ಮಧು ಈ ಪದದ ದೂರದ ಅಕ್ಕ. ಇಂಡೋ-ಯುರೋಪಿಯನ್ ಪದ ಅನ್ನೋದರಲ್ಲಿ ಅನುಮಾನ ಇಲ್ಲ, ತುರ್ಕಿಕ್ ಅಲ್ಲ. ಕಾಮೋನ್: ಬಾರ್ಲಿಯಿಂದ ಮಾಡಿದ್ದು, ಸೇವಕರಿಗೆ ಕೊಟ್ಟದ್ದು. ಕೆಲವರು ಇದನ್ನ ಮಧ್ಯ ಏಷ್ಯಾದ ‘ಕುಮಿಸ್’ ಜೊತೆ ಜೋಡಿಸೋಕೆ ನೋಡಿದ್ದಾರೆ. ಆದರೆ ಕುಮಿಸ್ ಕುದುರೆ ಹಾಲಿನದ್ದು. ಅದಕ್ಕಿಂತ ಮುಖ್ಯವಾಗಿ, ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ 301ರಲ್ಲಿ ಹೊರಡಿಸಿದ ಬೆಲೆ ನಿಯಂತ್ರಣ ಶಾಸನದಲ್ಲಿ ‘ಕಾಮುಮ್’ ಅನ್ನೋ ಬಿಯರ್‌ಗೆ ರೇಟ್ ಕಟ್ಟಿದ್ದಾರೆ. ಆಗ ಹೂಣರು ಯುರೋಪಿಗೆ ಕಾಲೇ ಇಟ್ಟಿರಲಿಲ್ಲ. ಅಂದ್ರೆ ಈ ಪದ ಹೂಣರಿಗಿಂತ ಮೊದಲೇ ಆ ಕಡೆ ಇತ್ತು. ಸ್ತ್ರಾವ: ಹಳೆಯ ಚೆಕ್, ಪೋಲಿಷ್ ಭಾಷೆಗಳಲ್ಲಿ ತಿಥಿ ಊಟಕ್ಕೆ ಇದೇ ಥರದ ಪದ ಇದೆ, ಸ್ಲಾವಿಕ್ ಅಂತ ಹಲವರು. ಇಲ್ಲ, ಗೋಥಿಕ್ ಅಂತ ಇನ್ನು ಕೆಲವರು. ತುರ್ಕಿಕ್ ಅಂತ ಗಟ್ಟಿಯಾಗಿ ಹೇಳೋಕೆ ಆಗಿಲ್ಲ.

ಹೂಣರ ಪದ ಅಂತ ಉಳಿದ ಮೂರರಲ್ಲಿ ಮೂರೂ ಬಹುಶಃ ಹೂಣರದ್ದೇ ಅಲ್ಲ.

ಹಾಗಾದ್ರೆ ತುರ್ಕಿಕ್ ಅನ್ನೋ ವಾದ ಎಲ್ಲಿಂದ ಬಂತು? ಹೆಸರುಗಳಿಂದ. ಇಲ್ಲಿ ನ್ಯಾಯವಾಗಿ ಮಾತಾಡಬೇಕು, ಯಾಕಂದ್ರೆ ಈ ವಾದದಲ್ಲಿ ಹುರುಳಿದೆ. ಅಟಿಲನ ಮಗನ ಹೆಸರು ದೆಂಗಿಜಿಖ್. ತುರ್ಕಿಕ್ ಭಾಷೆಗಳಲ್ಲಿ ‘ದೆಂಗಿಜ್’ ಅಂದ್ರೆ ಸಮುದ್ರ. ಇನ್ನೊಬ್ಬ ಮಗ ಎರ್ನಾಕ್, ‘ಎರ್’ ಅಂದ್ರೆ ಗಂಡಸು, ವೀರ. ದೊಡ್ಡ ಮಗ ಎಲ್ಲಾಕ್, ಆಳುವವ ಅನ್ನೋ ಅರ್ಥದ ಪದಕ್ಕೆ ಹತ್ತಿರ. ಅಪ್ಪ ಮುಂಡ್ಜುಕ್, ಹಳೆ ತುರ್ಕಿಕ್‌ನಲ್ಲಿ ‘ಮುಂಚುಕ್’ ಅಂದ್ರೆ ಮಣಿ. ಒಂದೇ ಮನೆಯಲ್ಲಿ ಇಷ್ಟು ಹೆಸರು ಹೊಂದೋದು ಕಾಕತಾಳೀಯ ಅಂತ ತಳ್ಳಿ ಹಾಕೋಕೆ ಆಗಲ್ಲ. 1973ರಲ್ಲಿ ಬಂದ ‘ದಿ ವರ್ಲ್ಡ್ ಆಫ್ ದಿ ಹನ್ಸ್’ ಬರೆದ ಓಟೊ ಮೆನ್ಶೆನ್-ಹೆಲ್ಫೆನ್ ಹೆಸರುಗಳನ್ನ ಒಂದೊಂದಾಗಿ ವಿಂಗಡಿಸಿ ಕೂತರು: ಇವು ತುರ್ಕಿಕ್, ಇವು ಜರ್ಮಾನಿಕ್, ಇವು ಇರಾನಿಯನ್, ಇವು ಮಿಶ್ರ, ಇವು ಗೊತ್ತಿಲ್ಲ. ಕುಲಗಳ ಹೆಸರು ನೋಡಿದರೆ ಹೂಣರಲ್ಲಿ ತುಂಬಾ ಜನ ತುರ್ಕಿಕ್ ಮಾತಾಡ್ತಿದ್ದಿರಬೇಕು ಅನ್ನೋದು ಅವರ ಅಭಿಪ್ರಾಯ. ‘ಗೊತ್ತಿಲ್ಲ’ ಅನ್ನೋ ಡಬ್ಬಿಯನ್ನೂ ಇಟ್ಟುಕೊಂಡದ್ದಕ್ಕೆ ನಮಗೆ ಅವರ ಮೇಲೆ ಗೌರವ.

ಆದರೆ ಹೆಸರು ಬೇರೆ, ಭಾಷೆ ಬೇರೆ. ಇದಕ್ಕೆ ಯುರೋಪಿಗೆ ಹೋಗಬೇಕಾಗಿಲ್ಲ, ನಮ್ಮ ಅಟೆಂಡೆನ್ಸ್ ಶೀಟ್ ಸಾಕು. ಆದಿತ್ಯ, ಪ್ರಜ್ವಲ್, ಸ್ನೇಹಾ, ಐಶ್ವರ್ಯಾ, ಇಮ್ರಾನ್, ಜಾನ್. ಸಾವಿರದೈನೂರು ವರ್ಷ ಆದಮೇಲೆ ಬೆಂಗಳೂರಲ್ಲಿ ಬೇರೇನೂ ಉಳಿಯದೆ ಈ ಶೀಟ್ ಒಂದೇ ಸಿಕ್ಕಿತು ಅಂದ್ಕೊಳ್ಳಿ. ಆಗಿನ ವಿದ್ವಾಂಸರು ಏನು ಬರೀತಾರೆ? ಇಲ್ಲಿನ ಜನ ಸಂಸ್ಕೃತ ಮಾತಾಡ್ತಿದ್ದರು, ಜೊತೆಗೆ ಅರೇಬಿಕ್ ಮಾತಾಡೋ ಒಂದು ಗುಂಪಿತ್ತು ಅಂತ. ಕನ್ನಡ ಅನ್ನೋ ಭಾಷೆ ಇತ್ತು ಅಂತ ಅವರಿಗೆ ಸುಳಿವೇ ಸಿಗಲ್ಲ! ಅದೇ ನಮ್ಮ ಅಜ್ಜ ಅಜ್ಜಿಯರ ಕಾಲದ ಶೀಟ್ ಆಗಿದ್ದರೆ ಕಥೆ ಬೇರೆ. ಕೆಂಪಯ್ಯ, ನಿಂಗವ್ವ, ತಿಮ್ಮಕ್ಕ, ಪುಟ್ಟಣ್ಣ. ಆ ಅಯ್ಯ, ಅವ್ವ, ಅಕ್ಕ, ಅಣ್ಣಗಳಲ್ಲಿ ಭಾಷೆ ಎದ್ದು ಕಾಣುತ್ತೆ. ಎರಡು ತಲೆಮಾರಿನಲ್ಲಿ ಭಾಷೆ ಬದಲಾಗಲಿಲ್ಲ, ಹೆಸರಿಡೋ ಫ್ಯಾಷನ್ ಬದಲಾಯ್ತು.

ಇದು ನಾವು ಕಂಡುಹಿಡಿದ ವಾದ ಅಲ್ಲ. ಆರನೇ ಶತಮಾನದ ಜೋರ್ಡಾನೆಸ್‌ನೇ ಬರೆದಿದ್ದಾನೆ: ಜನಾಂಗಗಳು ಒಬ್ಬರ ಹೆಸರನ್ನ ಒಬ್ಬರು ಎತ್ತಿಕೊಳ್ತಾರೆ, ಗೋಥರು ಹೆಚ್ಚಾಗಿ ಹೂಣರ ಹೆಸರು ಇಟ್ಟುಕೊಳ್ತಾರೆ ಅಂತ. ಪಕ್ಕದಲ್ಲೇ ಇದ್ದವರು ಎಚ್ಚರಿಕೆ ಕೊಟ್ಟು ಹೋಗಿದ್ದಾರೆ, ನಾವು ಕೇಳಿಸಿಕೊಳ್ಳಬೇಕಷ್ಟೇ.

ಅಟಿಲ ಅನ್ನೋ ಹೆಸರನ್ನೇ ತಗೊಳ್ಳಿ. ಹೆಚ್ಚು ಜನ ಒಪ್ಪೋ ವಿವರಣೆ ಗೋಥಿಕ್‌ನದ್ದು: ‘ಅತ್ತ’ ಅಂದ್ರೆ ಅಪ್ಪ, ‘-ಇಲ’ ಅನ್ನೋದು ಚಿಕ್ಕದು ಅಂತ ಸೂಚಿಸೋ ಪ್ರತ್ಯಯ. ಸೇರಿಸಿದರೆ ಚಿಕ್ಕ ಅಪ್ಪ, ಪ್ರೀತಿಯ ಅಪ್ಪಾಜಿ ಅನ್ನೋ ಥರ. ಒಮೆಲ್ಯಾನ್ ಪ್ರಿಟ್ಸಾಕ್ 1982ರಲ್ಲಿ 33 ಹೂಣ ಹೆಸರುಗಳನ್ನ ಬಿಡಿಸಿ ಒಂದು ದೊಡ್ಡ ಪ್ರಬಂಧ ಬರೆದರು. ಅವರ ಪ್ರಕಾರ ಇದು ತುರ್ಕಿಕ್ ಹೆಸರು, ಅರ್ಥ ಜಗತ್ತಿಗೆಲ್ಲ ಒಡೆಯ. 2025ರಲ್ಲಿ ಸ್ವೆನ್ಯಾ ಬೊನ್ಮನ್ ಮತ್ತು ಸೈಮನ್ ಫ್ರೀಸ್ ಬರೆದ ಪ್ರಬಂಧದಲ್ಲಿ ಇದು ಸೈಬೀರಿಯದ ಯೆನಿಸೇಯನ್ ಕುಟುಂಬದ ಪದ, ಚುರುಕಾದವನು ಅನ್ನೋ ಥರದ ಅರ್ಥ. ಒಂದೇ ಹೆಸರು, ಮೂರು ಕುಟುಂಬ, ಮೂರು ಅರ್ಥ. ತುರ್ಕಿಕ್‌ನಲ್ಲಿ ‘ಅತ’ ಅಂದ್ರೂ ಅಪ್ಪನೇ, ಹಂಗೇರಿಯನ್‌ನಲ್ಲಿ ‘ಅತ್ಯ’ ಅಂದ್ರೂ ಅಪ್ಪನೇ. ಕನ್ನಡದ ‘ಅತ್ತೆ’ಯನ್ನ ತಂದು ಅಟಿಲ ಯಾರದೋ ಅತ್ತೆ ಮನೆಯವನು ಅಂತ ನಾವೂ ಒಂದು ಥಿಯರಿ ಬಿಡಬಹುದು. ಮಗು ಮೊದಲು ಆಡೋ ಇಂಥ ಪದಗಳು ಎಲ್ಲ ಕಡೆ ಒಂದೇ ಥರ ಇರುತ್ತವೆ, ಅದರಿಂದ ಸಂಬಂಧ ಸಾಬೀತಾಗಲ್ಲ. ದನಿ ಹೋಲಿಕೆ ಎಷ್ಟು ಮೋಸ ಮಾಡುತ್ತೆ ಅನ್ನೋದಕ್ಕೆ ಇನ್ನೊಂದು: ಮೊಘಲರ ಕಾಲದಲ್ಲಿ ದಕ್ಷಿಣದ ಚಿನ್ನದ ನಾಣ್ಯವನ್ನ ‘ಹೂನ್’ ಅಂತ ಕರೀತಿದ್ದರು. ಅದಕ್ಕೂ ಹೂಣರಿಗೂ ಸಂಬಂಧ ಇಲ್ಲ, ಅದು ನಮ್ಮ ಹೊನ್ನು.

ನಿಜವಾದ ಪುರಾವೆ ಹೇಗಿರುತ್ತೆ? ಪಟ್ಟಿ ಉದ್ದಕ್ಕೂ ಒಂದೇ ನಿಯಮ ಓಡಬೇಕು. ಹಳಗನ್ನಡದ ಪಾಲ್ ಈಗ ಹಾಲು, ಪೂ ಈಗ ಹೂ, ಪುಲಿ ಈಗ ಹುಲಿ. ತಮಿಳಿನಲ್ಲಿ ಪ ಹಾಗೇ ಉಳೀತು, ನಮ್ಮಲ್ಲಿ ಹ ಆಯ್ತು. ಒಂದೆರಡು ಪದ ಅಲ್ಲ, ಸಾಲು ಸಾಲು ಪದ. ತುರ್ಕಿಕ್ ಒಳಗೂ ಇಂಥ ಸೊಗಸಾದ ನಿಯಮ ಇದೆ. ಟರ್ಕಿಶ್‌ನಲ್ಲಿ ಒಂಬತ್ತು ಅಂದ್ರೆ ‘ದೊಕುಜ್’, ಚುವಾಶ್‌ನಲ್ಲಿ ‘ತಹರ್’. ಹುಡುಗಿ ಅಂದ್ರೆ ಟರ್ಕಿಶ್‌ನಲ್ಲಿ ‘ಕಿಜ್’, ಚುವಾಶ್‌ನಲ್ಲಿ ‘ಹೆರ್’. ಉಳಿದ ಭಾಷೆಗಳಲ್ಲಿ ಜ಼ ಇದ್ದ ಕಡೆ ಚುವಾಶ್‌ನಲ್ಲಿ ರ. ಹಂಗೇರಿಯನ್ ಭಾಷೆ ಸಮುದ್ರಕ್ಕೆ ‘ತೆಂಗೆರ್’ ಅಂತ ಬಳಸೋದು ಚುವಾಶ್ ಥರದ ಹಳೆ ಭಾಷೆಯೊಂದರಿಂದ ಪಡೆದ ಸಾಲ, ಅದಕ್ಕೇ ಕೊನೆಗೆ ರ.

ಈಗ ಪ್ರಿಟ್ಸಾಕ್ ವಾದಕ್ಕೆ ವಾಪಸ್ ಬನ್ನಿ. ಹೂಣ ಭಾಷೆ ಈ ಚುವಾಶ್ ಗುಂಪಿಗೆ ಹತ್ತಿರ ಅನ್ನೋದು ಅವರ ತೀರ್ಮಾನ. ಹಾಗಿದ್ದರೆ ದೆಂಗಿಜಿಖ್ ಹೆಸರಲ್ಲಿ ಜ಼ ಯಾಕೆ ಬಂತು, ರ ಬರಬೇಕಿತ್ತಲ್ಲ? ಅದಕ್ಕೂ ಅವರ ಬಳಿ ವಿವರಣೆ ಇದೆ: ರ ಇತ್ತು, ಬಿದ್ದು ಹೋಯ್ತು. ಮೆಷಿನ್ ಲರ್ನಿಂಗ್ ಇಲೆಕ್ಟಿವ್ ತಗೊಂಡ ಸೀನಿಯರ್‌ಗಳು ಇದಕ್ಕೆ ಓವರ್‌ಫಿಟ್ಟಿಂಗ್ ಅಂತಾರೆ. ಪಾಯಿಂಟ್ ಕಮ್ಮಿ, ಪ್ಯಾರಾಮೀಟರ್ ಜಾಸ್ತಿ ಇದ್ದರೆ ಯಾವ ಗೆರೆ ಬೇಕಾದರೂ ಕೂರಿಸಬಹುದು. ಪ್ರಿಟ್ಸಾಕ್ ದೊಡ್ಡ ವಿದ್ವಾಂಸರು, ನಾವು ಎರಡನೇ ವರ್ಷದ ಹುಡುಗ ಹುಡುಗಿಯರು. ಆದರೂ ಈ ಒಂದು ಪ್ರಶ್ನೆ ಕೇಳೋ ಹಕ್ಕು ನಮಗಿದೆ ಅಂದ್ಕೊಂಡಿದ್ದೀವಿ.

ಸಿಗ್ನಲ್ ಕೂಡ ಶುದ್ಧವಾಗಿಲ್ಲ. ಈ ಹೆಸರುಗಳು ನಮಗೆ ತಲುಪಿರೋದು ಗ್ರೀಕ್ ಮತ್ತು ಲ್ಯಾಟಿನ್ ಲಿಪಿಯಲ್ಲಿ. ಗ್ರೀಕ್‌ನಲ್ಲಿ ಚ, ಶ ಬರೆಯೋಕೆ ಅಕ್ಷರವೇ ಇಲ್ಲ. ಪ್ರಿಸ್ಕಸ್ ದೆಂಗಿಜಿಖ್ ಅಂದವನನ್ನ ಜೋರ್ಡಾನೆಸ್ ದಿಂಟ್ಸಿಕ್ ಅಂತಾನೆ, ಇನ್ನೊಂದು ಗ್ರೀಕ್ ವರ್ಷಾವಳಿಯಲ್ಲಿ ಅವನು ದಿಂಜಿರಿಖೋಸ್, ಕೇಳಿದರೆ ಜರ್ಮನ್ ಹೆಸರಿನ ಹಾಗಿದೆ. ನಮ್ಮ ಮಾರ್ಕ್ಸ್ ಕಾರ್ಡ್‌ನಲ್ಲಿ ಊರಿನ ಹೆಸರು ಹೇಗೆ ಬಂದಿದೆ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಕರ್ನಾಟಕದ ಅರ್ಧ ಊರುಗಳಿಗೆ ಹಲ್ಲಿಯ ಹೆಸರಿಟ್ಟಿದ್ದರು ಅಂತ ಮುಂದೆ ಯಾರಾದರೂ ಪಿಎಚ್‌ಡಿ ಮಾಡಬಹುದು. ಹೋಲಿಸಿ ನೋಡೋಕೆ ಹಳೆಯ ತುರ್ಕಿಕ್ ಬರಹವಾದರೂ ಅದೇ ಕಾಲದ್ದು ಇದೆಯಾ ಅಂದ್ರೆ ಅದೂ ಇಲ್ಲ. ಮಂಗೋಲಿಯದ ಓರ್ಖಾನ್ ಶಾಸನಗಳು ಎಂಟನೇ ಶತಮಾನದವು, ಅಂದ್ರೆ ಅಟಿಲ ಸತ್ತು ಸುಮಾರು ಇನ್ನೂರೆಪ್ಪತ್ತು, ಇನ್ನೂರೆಂಬತ್ತು ವರ್ಷ ಆದಮೇಲಿನವು.

ಇನ್ನು ಚೀನಾ ಕಡೆಯ ಕಥೆ. ಚೀನೀ ದಾಖಲೆಗಳಲ್ಲಿ ಬರೋ ಶಿಯೋಂಗ್ನು ಜನರೇ ಹೂಣರ ಪೂರ್ವಜರು ಅಂತ ಫ್ರೆಂಚ್ ವಿದ್ವಾಂಸ ದ ಗೀನ್ಯ 1750ರ ದಶಕದಲ್ಲೇ ಹೇಳಿದ. 1907ರಲ್ಲಿ ಆರೆಲ್ ಸ್ಟೈನ್‌ಗೆ ದುನ್‌ಹುವಾಂಗ್ ಹತ್ತಿರ ಸಿಕ್ಕ ಸೊಗ್ದಿಯನ್ ಪತ್ರವೊಂದರಲ್ಲಿ, ಚೀನಾದ ಲುವೊಯಾಂಗ್ ನಗರವನ್ನ ಹಾಳು ಮಾಡಿದವರನ್ನ ‘ಹೂನ್’ ಅಂತಲೇ ಕರೆದಿದೆ. ಚೀನಾದಲ್ಲಿ ಅವರನ್ನ ಶಿಯೋಂಗ್ನು ಅಂತಿದ್ದರು. ಹೆಸರಿನ ಕೊಂಡಿ ಗಟ್ಟಿಯಾಗಿದೆ. ಸರಿ, ಶಿಯೋಂಗ್ನುಗಳ ಭಾಷೆ ಯಾವುದು? ಅವರೊಳಗಿನ ಜಿಯೆ ಅನ್ನೋ ಪಂಗಡದ ಮಾತಲ್ಲಿ ಒಂದೇ ಒಂದು ದ್ವಿಪದಿ, ಹತ್ತು ಅಕ್ಷರ, ಚೀನೀ ಲಿಪಿಯಲ್ಲಿ ಉಳಿದಿದೆ. ಯುದ್ಧಕ್ಕೆ ಮುಂಚೆ ಫೊತುದೆಂಗ್ ಅನ್ನೋ ಬೌದ್ಧ ಭಿಕ್ಷು ಹೇಳಿದ ಭವಿಷ್ಯ ಅದು, ಸೈನ್ಯ ಹೊರಡಲಿ, ಶತ್ರು ಸಿಕ್ಕಿಬೀಳ್ತಾನೆ ಅನ್ನೋ ಅರ್ಥವನ್ನೂ ಚೀನಿಯಲ್ಲಿ ಬರೆದಿಟ್ಟಿದ್ದಾರೆ. ಅರ್ಥ ಗೊತ್ತಿದ್ದೂ ಜಗಳ ಮುಗಿದಿಲ್ಲ. ರಾಮ್‌ಸ್ಟೆಟ್, ಬಾಜಾನ್ ಮೊದಲಾದವರು ತುರ್ಕಿಕ್ ಅಂತ ಓದಿದರು, ಅದರಲ್ಲೂ ಒಬ್ಬರ ಓದು ಇನ್ನೊಬ್ಬರಿಗೆ ಹೊಂದಲ್ಲ. ಪುಲ್ಲಿಬ್ಲ್ಯಾಂಕ್, ಆಮೇಲೆ ವೊವಿನ್ ಇದು ಯೆನಿಸೇಯನ್ ಅಂದರು. ಆ ಕುಟುಂಬದಲ್ಲಿ ಈಗ ಉಳಿದಿರೋದು ಸೈಬೀರಿಯದ ಕೆಟ್ ಭಾಷೆ ಒಂದೇ, ಅದೂ ಅಳಿವಿನ ಅಂಚಿನಲ್ಲಿ. ಮೇಲೆ ಹೇಳಿದ 2025ರ ಪ್ರಬಂಧ ಇದೇ ದಾರಿಯಲ್ಲಿ ಮುಂದೆ ಹೋಗಿ ಶಿಯೋಂಗ್ನು, ಹೂಣ ಇಬ್ಬರ ಮೂಲ ಭಾಷೆಯೂ ಹಳೆಯ ಅರಿನ್ ಅನ್ನುತ್ತೆ. ಅರಿನ್ ಅನ್ನೋದು 18ನೇ ಶತಮಾನದಲ್ಲಿ ಸತ್ತುಹೋದ ಯೆನಿಸೇಯನ್ ಭಾಷೆ. ಅದೇ ವರ್ಷ ಬಂದ ಡಿಎನ್‌ಎ ಅಧ್ಯಯನವೊಂದು ಯುರೋಪಿನ ಹೂಣ ಕಾಲದ ಕೆಲವು ಅಸ್ಥಿಗಳಿಗೂ ಮಂಗೋಲಿಯದ ಶಿಯೋಂಗ್ನು ಗಣ್ಯರಿಗೂ ರಕ್ತಸಂಬಂಧ ತೋರಿಸಿತು. ಒಳ್ಳೇದೇ, ಆದರೆ ಮೂಳೆ ಮಾತಾಡಲ್ಲ.

ಇಷ್ಟು ತೆಳ್ಳಗಿನ ವಿಷಯಕ್ಕೆ ಇಷ್ಟು ಗಟ್ಟಿ ದನಿ ಯಾಕೆ? ಯಾಕಂದ್ರೆ ಹೂಣರು ಬೇಕಾದವರು ತುಂಬಾ ಜನ ಇದ್ದಾರೆ. ಟರ್ಕಿ ಅಧ್ಯಕ್ಷರ ಲಾಂಛನದಲ್ಲಿ 16 ನಕ್ಷತ್ರ ಇವೆ, 16 ಮಹಾ ತುರ್ಕ ಸಾಮ್ರಾಜ್ಯಗಳ ಗುರುತು ಅಂತ, ಅದರಲ್ಲಿ ಅಟಿಲನ ಸಾಮ್ರಾಜ್ಯವೂ ಒಂದು. ಅಲ್ಲಿನ ಭೂಸೇನೆ ತನ್ನ ಸ್ಥಾಪನೆಯ ವರ್ಷ ಕ್ರಿ.ಪೂ. 209 ಅಂತ ಹೇಳಿಕೊಳ್ಳುತ್ತೆ, ಶಿಯೋಂಗ್ನು ದೊರೆಯೊಬ್ಬನ ಲೆಕ್ಕ ಹಿಡಿದು. 1936ರಲ್ಲಿ ಅಲ್ಲಿನ ಭಾಷಾ ಸಮ್ಮೇಳನದಲ್ಲಿ ಜಗತ್ತಿನ ಎಲ್ಲ ಭಾಷೆಗಳ ಬೇರು ತುರ್ಕಿ ಅನ್ನೋ ‘ಸೂರ್ಯ ಭಾಷಾ ಸಿದ್ಧಾಂತ’ವನ್ನೇ ಮಂಡಿಸಿದ್ದರು. ಹಂಗೇರಿಯಲ್ಲಿ ಅಟಿಲ ಅನ್ನೋದು ಈಗಲೂ ಮಾಮೂಲಿ ಹೆಸರು, ನಮ್ಮಲ್ಲಿ ಅರ್ಜುನ್ ಇದ್ದ ಹಾಗೆ. 13ನೇ ಶತಮಾನದ ಕೇಜಾದ ಸೈಮನ್ ಹೂಣರನ್ನೂ ಹಂಗೇರಿಯನ್ನರನ್ನೂ ಒಂದೇ ವಂಶ ಮಾಡಿ ಚರಿತ್ರೆ ಬರೆದ. ಹಂಗೇರಿಯನ್ ಭಾಷೆ ಫಿನ್ನಿಶ್‌ನ ನೆಂಟ ಅಂತ ಗೊತ್ತಾದಾಗ ಅಲ್ಲಿ ಕೆಲವರಿಗೆ ಬೇಜಾರಾಯ್ತಂತೆ, ಮೀನು ಹಿಡಿಯೋರ ನೆಂಟರಾಗೋದಕ್ಕಿಂತ ಕುದುರೆ ಸವಾರರ ಮಕ್ಕಳಾಗೋದು ಮೇಲು ಅಂತ.

ನಗೋದು ಸುಲಭ. ಆದರೆ ನಮ್ಮ ಕಡೆಯೂ ಒಂದು ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನ. ಅದರಲ್ಲಿ ಭಾರತದ ಕರಾವಳಿಯ ರಾಜ, ಅವನ ಜನ ಏನೋ ಮಾತಾಡ್ತಾರೆ, ಗ್ರೀಕ್ ಅಕ್ಷರದಲ್ಲಿ. ಮರುವರ್ಷವೇ ಹುಲ್ಟ್ಶ್ ಅನ್ನೋ ಜರ್ಮನ್ ವಿದ್ವಾಂಸ ಅದು ಕನ್ನಡ ಅಂದರು. ಆಮೇಲೆ ಒಪ್ಪಿದವರಿದ್ದಾರೆ, ತುಳು ಅಂದವರಿದ್ದಾರೆ, ನಗಿಸೋಕೆ ಬರೆದ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ಹೂಣರ ಕೇಸಿನ ತದ್ರೂಪ: ಪರಕೀಯ ಲಿಪಿ, ಚೂರುಪಾರು ಡೇಟಾ, ಬಲವಾದ ಆಸೆ. ಟರ್ಕಿಯವರಿಗೆ ಒಂದು ಅಳತೆಗೋಲು, ನಮಗೆ ಇನ್ನೊಂದು ಅಂತ ಇಟ್ಕೊಳ್ಳೋಕೆ ಆಗಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಅಟಿಲನ ಮನೆಯಲ್ಲಿ, ಅವನ ಕೆಳಗಿನ ಹಲವು ಕುಲಗಳಲ್ಲಿ ತುರ್ಕಿಕ್ ಭಾಷೆ ಓಡಾಡ್ತಿತ್ತು ಅನ್ನೋದು ಸಾಕಷ್ಟು ಸಂಭವ. ಸದ್ಯಕ್ಕೆ ಅದೇ ಮುಂದಿರೋ ಊಹೆ, ಯೆನಿಸೇಯನ್ ಅದರ ಬೆನ್ನಿಗಿದೆ. ಆದರೆ ‘ಹೂಣರ ಭಾಷೆ ತುರ್ಕಿಕ್’ ಅಂತ ಒಂದೇ ಉಸಿರಲ್ಲಿ ಹೇಳೋದಕ್ಕೆ ಪುರಾವೆ ಇಲ್ಲ. ಅದಕ್ಕೂ ಮೇಲಾಗಿ, ‘ಹೂಣರ ಭಾಷೆ’ ಅನ್ನೋ ಏಕವಚನವೇ ನಮಗೆ ಅನುಮಾನ. ಪ್ರಿಸ್ಕಸ್ ಕಣ್ಣಾರೆ ಕಂಡದ್ದು ಬೇರೆಯೇ ಚಿತ್ರ: ಆ ಜನ ಬೆರಕೆ, ತಮ್ಮ ತಮ್ಮ ಮಾತಿನ ಜೊತೆ ಹೂಣ ಭಾಷೆ ಅಥವಾ ಗೋಥಿಕ್ ಕಲೀತಾರೆ, ರೋಮನ್ನರ ಜೊತೆ ವ್ಯವಹಾರ ಇದ್ದವರು ಲ್ಯಾಟಿನ್. ಗ್ರೀಕ್ ಬಲ್ಲವರು ಅಪರೂಪ, ಅದಕ್ಕೇ ಹೂಣರ ಉಡುಪಿನಲ್ಲಿದ್ದ ಒಬ್ಬ ಗ್ರೀಕ್‌ನಲ್ಲಿ ನಮಸ್ಕಾರ ಹೇಳಿದಾಗ ಪ್ರಿಸ್ಕಸ್ ಬೆಚ್ಚಿಬೀಳ್ತಾನೆ. ರಾತ್ರಿ ಔತಣದಲ್ಲಿ ಜೆರ್ಕೋನ್ ಅನ್ನೋ ಕುಳ್ಳ ವಿದೂಷಕ ಲ್ಯಾಟಿನ್, ಹೂಣ, ಗೋಥಿಕ್ ಮೂರನ್ನೂ ಕಲಸಿ ಮಾತಾಡ್ತಾನೆ, ಇಡೀ ಸಭೆ ಬಿದ್ದು ಬಿದ್ದು ನಗುತ್ತೆ, ಅಟಿಲ ಒಬ್ಬನನ್ನ ಬಿಟ್ಟು. ಕಲಬೆರಕೆ ಜೋಕ್‌ಗೆ ನಗಬೇಕಾದರೆ ಮೂರೂ ಭಾಷೆ ಸ್ವಲ್ಪ ಸ್ವಲ್ಪ ತಿಳಿದಿರಬೇಕು. ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಕನ್ನಡ, ಹಿಂದಿ, ತೆಲುಗು, ಇಂಗ್ಲಿಷ್ ಕಲಸಿ ಹೊಡೆಯೋ ಜೋಕ್ ಎಲ್ಲರಿಗೂ ಅರ್ಥ ಆಗುತ್ತಲ್ಲ, ಹಾಗೆ. ಈ ಕಾಲೇಜಿನ ಭಾಷೆ ಯಾವುದು ಅಂತ ಕೇಳಿದರೆ ಏನು ಹೇಳ್ತೀರಿ?

ಅದೇ ಔತಣದಲ್ಲಿ ಇಬ್ಬರು ಎದ್ದು ಅಟಿಲನ ಗೆಲುವಿನ ಹಾಡು ಹಾಡಿದರು, ಮುದುಕರು ಅತ್ತರು ಅಂತಲೂ ಪ್ರಿಸ್ಕಸ್ ಬರೆದಿದ್ದಾನೆ. ಹಾಡು ಯಾವ ಭಾಷೆಯದ್ದು ಅಂತ ಬರೆದಿಲ್ಲ, ಒಂದು ಸಾಲು ಕೂಡ ಬರೆದುಕೊಂಡಿಲ್ಲ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಸುಮಾರು 450ರಲ್ಲಿ, ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಯಾರೋ 16 ಸಾಲು ಕಲ್ಲಿನ ಮೇಲೆ ಕೆತ್ತಿಸಿದರು. ಅರ್ಧ ಯುರೋಪು ಆಳಿದವರದ್ದು ಮೂರು ಪದ, ಅದೂ ಅನುಮಾನ. ನಮ್ಮದು ಒಂದು ಕಲ್ಲು, ಓದಿದರೆ ಇದು ಕನ್ನಡ ಅಂತ ಯಾರೂ ಜಗಳ ಆಡದ ಕಲ್ಲು.

ಈ ನವೆಂಬರ್‌ಗೆ ಕ್ಲಬ್ ಪೋಸ್ಟರ್ ಮಾಡೋವಾಗ ಹಲ್ಮಿಡಿಯನ್ನ ದೊಡ್ಡದಾಗಿ ಹಾಕೋಣ ಅನ್ನೋದು ನಮ್ಮ ಪ್ರಸ್ತಾಪ. ಆ ಗ್ರೀಕ್ ಪ್ರಹಸನವೂ ಇರಲಿ, ಯಾಕೆ ಬೇಡ, ಅದರ ಕಥೆ ಚೆನ್ನಾಗಿದೆ. ಕೆಳಗೆ ‘ಕನ್ನಡ ಇರಬಹುದು ಎಂದು ಕೆಲವು ವಿದ್ವಾಂಸರ ಊಹೆ’ ಅಂತ ಬರೆಯೋಣ. ಡಿಸೈನ್ ಟೀಮ್‌ನವರೇ, ಆ ‘ಇರಬಹುದು’ ಅನ್ನೋದನ್ನ ಆರು ಪಾಯಿಂಟ್ ಫಾಂಟ್‌ನಲ್ಲಿ ಮೂಲೆಗೆ ತಳ್ಳಬೇಡಿ.